ಟ್ಯೂಬ್ ಹಾಕುವ ಮುನ್ನ ಹೃದಯ ನೋಡಿ: ಐಸಿಯು ಡ್ಯೂಟಿ ಡಾಕ್ಟರರಿಗೆ ಎಕೋ ಮಾರ್ಗದರ್ಶಿ

ಐಸಿಯುನಲ್ಲಿ ರೋಗಿಗೆ ಉಸಿರಿನ ಟ್ಯೂಬ್ ಹಾಕಬೇಕು ಅಂದ ತಕ್ಷಣ ನಮ್ಮ ಗಮನವೆಲ್ಲ ಗಂಟಲಿನ ಕಡೆ ಹೋಗುತ್ತದೆ. ಬಾಯಿ ಎಷ್ಟು ತೆರೆಯುತ್ತದೆ, ಕತ್ತು ಗಿಡ್ಡವಾ, ವೋಕಲ್ ಕಾರ್ಡ್ ಕಾಣುತ್ತದಾ, ವಿಡಿಯೋ ಲಾರಿಂಗೋಸ್ಕೋಪ್ ಚಾರ್ಜ್ ಆಗಿದೆಯಾ ಅಂತ. ಇವೆಲ್ಲ ಬೇಕೇ ಬೇಕು. ಆದರೆ ಎಷ್ಟೋ ಸಲ ಟ್ಯೂಬ್ ಮೊದಲ ಸಲಕ್ಕೇ ಸಲೀಸಾಗಿ ಒಳಗೆ ಹೋಗಿರುತ್ತದೆ, ಮಾನಿಟರ್‌ನಲ್ಲಿ ಬಿಪಿ ಮಾತ್ರ 50ಕ್ಕೆ ಇಳಿದಿರುತ್ತದೆ.

ಇದು ಅಪರೂಪದ ಸಂಗತಿ ಅಲ್ಲ. 29 ದೇಶಗಳ 2,964 ರೋಗಿಗಳನ್ನು ಗಮನಿಸಿದ ಇನ್‌ಟ್ಯೂಬ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಟ್ಯೂಬ್ ಹಾಕುವ ಹೊತ್ತಿನಲ್ಲಿ ಶೇ 45.2ರಷ್ಟು ಮಂದಿಗೆ ಒಂದಲ್ಲ ಒಂದು ದೊಡ್ಡ ತೊಂದರೆ ಆಗಿತ್ತು. ಅದರಲ್ಲಿ ಮುಂದಿದ್ದದ್ದು ಬಿಪಿ ಕುಸಿತ, ಶೇ 42.6. ಆಮ್ಲಜನಕ ತೀರಾ ಕಡಿಮೆಯಾದವರು ಶೇ 9.3. ಹೃದಯ ನಿಂತದ್ದು ಶೇ 3.1 ಮಂದಿಗೆ. ಅಂದರೆ ನಾವು ಹೆದರುವುದು ಗಂಟಲಿಗೆ, ಕೈಕೊಡುವುದು ರಕ್ತಸಂಚಾರ.

ಈ ಬರಹ ಐಸಿಯುನಲ್ಲಿ ರಾತ್ರಿ ಡ್ಯೂಟಿ ಮಾಡುವ ಕಿರಿಯ ವೈದ್ಯರಿಗೆ, ಪಿಜಿ ವಿದ್ಯಾರ್ಥಿಗಳಿಗೆ, ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬರೇ ನಿಭಾಯಿಸುವ ಅರಿವಳಿಕೆ ವೈದ್ಯರಿಗೆ. ಐಸಿಯು ಸಿಸ್ಟರ್‌ಗಳೂ ಓದಬಹುದು, ಯಾಕೆಂದರೆ ಔಷಧಿ ತುಂಬಿಡುವವರು ಅವರೇ. ಎಕೋ, ಅಂದರೆ ಅಲ್ಟ್ರಾಸೌಂಡ್‌ನಲ್ಲಿ ಹೃದಯ ನೋಡುವುದರಲ್ಲಿ, ಪರಿಣತರಾಗುವ ಅಗತ್ಯವಿಲ್ಲ. ಎರಡು ನಿಮಿಷದಲ್ಲಿ ಹೃದಯ ನೋಡಿ ಒಂದೇ ಪ್ರಶ್ನೆಗೆ ಉತ್ತರ ಹುಡುಕಬೇಕು: ಔಷಧಿ ಕೊಟ್ಟು, ಶ್ವಾಸಕೋಶಕ್ಕೆ ಒತ್ತಡದಿಂದ ಗಾಳಿ ತುಂಬಿದಾಗ ಈ ಹೃದಯ ಯಾವ ರೀತಿಯಲ್ಲಿ ಸೋಲುತ್ತದೆ? ಉತ್ತರ ಸಿಕ್ಕ ಮೇಲೆ ನಿಮ್ಮ ಯೋಜನೆ ಒಂದಿಷ್ಟೂ ಬದಲಾಗದಿದ್ದರೆ ನೋಡಿದ್ದು ದಂಡ. ಇಲ್ಲಿ ಹೇಳುವ ಡೋಸ್‌ಗಳು ದೊಡ್ಡವರಿಗೆ. ನಿಮ್ಮ ಆಸ್ಪತ್ರೆಯ ಪದ್ಧತಿ ಮತ್ತು ಸೀನಿಯರ್ ಮಾತಿನ ಜೊತೆ ಇಟ್ಟು ನೋಡಿ.

ಬಿಪಿ ಯಾಕೆ ಬೀಳುತ್ತದೆ?

ಏದುಸಿರು ಬಿಡುತ್ತಿರುವ ರೋಗಿಯ ಬಿಪಿ 110 ಇದ್ದರೆ ಅದನ್ನು ನಂಬಬೇಡಿ. ಭಯ, ಸುಸ್ತು, ಆಮ್ಲಜನಕದ ಕೊರತೆ ಎಲ್ಲ ಸೇರಿ ಅವರ ಅಡ್ರಿನಲಿನ್ ತುದಿಗೇರಿರುತ್ತದೆ. ಆ 110 ಅದರ ಕೃಪೆ. ಅರಿವಳಿಕೆ ಔಷಧಿ ಕೊಟ್ಟ ಕೂಡಲೇ ಆ ಆಸರೆ ಹೋಗುತ್ತದೆ.

ಎರಡನೆಯದು ಗಾಳಿಯ ಒತ್ತಡ. ನಾವಾಗಿಯೇ ಉಸಿರೆಳೆದಾಗ ಎದೆಯೊಳಗೆ ಒತ್ತಡ ಇಳಿದು ರಕ್ತ ಹೃದಯಕ್ಕೆ ಸೆಳೆದು ಬರುತ್ತದೆ. ಆಂಬು ಬ್ಯಾಗ್ ಒತ್ತಿದರೆ ಅಥವಾ ವೆಂಟಿಲೇಟರ್ ಹಾಕಿದರೆ ಇದು ತಲೆಕೆಳಗಾಗುತ್ತದೆ. ಬರುವ ರಕ್ತ ಕಡಿಮೆಯಾಗುತ್ತದೆ. ಬಲ ಕುಕ್ಷಿ, ಅಂದರೆ ಆರ್‌ವಿ, ಜಾಸ್ತಿ ಒತ್ತಡದ ಎದುರು ಪಂಪ್ ಮಾಡಬೇಕಾಗುತ್ತದೆ. ಮೂರನೆಯದು, ಉಸಿರು ನಿಂತಿರುವ ಆ ಒಂದು ನಿಮಿಷ. ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ, ಎರಡೂ ಸೇರಿ ಶ್ವಾಸಕೋಶದ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ. ಪೆಟ್ಟು ಮತ್ತೆ ಆರ್‌ವಿಗೇ.

ಹೆಜ್ಜೆ 1: ನೋಡಲು ಸಮಯ ಇದೆಯಾ?

ಸ್ಯಾಚುರೇಷನ್ 60, ರೋಗಿ ಗ್ಯಾಸ್ಪ್ ಮಾಡುತ್ತಿದ್ದಾರೆ ಅಂದರೆ ಎಕೋ ಯಂತ್ರದ ಪ್ರೋಬ್ ಹುಡುಕಬೇಡಿ. ಮೊದಲು ಗಾಳಿ ಕೊಡಿ. ಆದರೆ ಐಸಿಯುನಲ್ಲಿ ಇಂಥ ಸಂದರ್ಭ ನಾವು ಅಂದುಕೊಂಡಷ್ಟು ಇರುವುದಿಲ್ಲ. ಹೆಚ್ಚಿನವರಿಗೆ ಹೇಗೂ ಮೂರು ನಾಲ್ಕು ನಿಮಿಷ ಆಮ್ಲಜನಕ ತುಂಬಿಸಲೇಬೇಕು. ಆ ನಿಮಿಷಗಳೇ ಎಕೋ ಸಮಯ. ಎಕೋಗೆ ಅಂತ ಪ್ರತ್ಯೇಕ ಸಮಯ ತೆಗೆಯುವ ಪ್ರಶ್ನೆಯೇ ಇಲ್ಲ.

ಆಮ್ಲಜನಕ ಕೊಡಲು ಬೈಪ್ಯಾಪ್, ಅಂದರೆ ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಡುವ ಯಂತ್ರ, ಇದ್ದರೆ ಅದನ್ನೇ ಬಳಸಿ. 2024ರ ಪ್ರಿಆಕ್ಸಿ ಟ್ರಯಲ್‌ನಲ್ಲಿ ಸಾಧಾರಣ ಮಾಸ್ಕ್ ಗುಂಪಿನ ಶೇ 18.5 ಮಂದಿಯ ಸ್ಯಾಚುರೇಷನ್ 85ಕ್ಕಿಂತ ಕೆಳಗೆ ಹೋಗಿತ್ತು, ಬೈಪ್ಯಾಪ್ ಮಾದರಿಯ ಮಾಸ್ಕ್ ಗುಂಪಿನಲ್ಲಿ ಶೇ 9.1. ಇದರಲ್ಲಿ ಇನ್ನೊಂದು ಲಾಭವಿದೆ. ಒತ್ತಡದ ಗಾಳಿಗೆ ಹೃದಯ ಹೇಗೆ ಸ್ಪಂದಿಸುತ್ತದೆ ಅನ್ನುವುದು ಟ್ಯೂಬ್ ಹಾಕುವ ಮೊದಲೇ ಗೊತ್ತಾಗುತ್ತದೆ. ಬೈಪ್ಯಾಪ್ ಹಾಕಿದ ಕೂಡಲೇ ಬಿಪಿ 20 ಇಳಿದರೆ, ಅದೇ ನಿಮಗೆ ಸಿಕ್ಕ ಮುನ್ಸೂಚನೆ.

ಇಬ್ಬರು ಡಾಕ್ಟರ್ ಇದ್ದರೆ ಟ್ಯೂಬ್ ಹಾಕುವವರು ಎಕೋ ಮಾಡುವುದು ಬೇಡ. ಒಬ್ಬರು ತಲೆಯ ಕಡೆ, ಇನ್ನೊಬ್ಬರು ಪಕ್ಕದಲ್ಲಿ. ಒಬ್ಬರೇ ಇದ್ದರೆ ಮಾಸ್ಕನ್ನು ಸಿಸ್ಟರ್ ಕೈಗೆ ಕೊಟ್ಟು ನೀವು ನೋಡಿ. ರೋಗಿಯನ್ನು ಮಲಗಿಸಲು ಹೋಗಬೇಡಿ. ತಲೆ ಎತ್ತರಿಸಿದ ಹಾಗೇ ಇರಲಿ. ಚಿತ್ರ ಸ್ವಲ್ಪ ಕೆಟ್ಟದಾಗಿ ಬಂದರೂ ಪರವಾಗಿಲ್ಲ.

ಹೆಜ್ಜೆ 2: ಯಂತ್ರ ತಯಾರಿ

ಕಾರ್ಡಿಯಾಕ್ ಪ್ರೋಬ್ ಹಾಕಿ, ಕಾರ್ಡಿಯಾಕ್ ಪ್ರಿಸೆಟ್ ಆರಿಸಿ. ಈ ಪ್ರಿಸೆಟ್‌ನಲ್ಲಿ ಗುರುತು ಸ್ಕ್ರೀನಿನ ಬಲಗಡೆ ಇರುತ್ತದೆ, ಹೊಟ್ಟೆಯ ಪ್ರಿಸೆಟ್‌ನಲ್ಲಿ ಎಡಗಡೆ. ಇದು ಅದಲುಬದಲಾದರೆ ಆರ್‌ವಿ ಯಾವುದು, ಎಲ್‌ವಿ (ಎಡ ಕುಕ್ಷಿ) ಯಾವುದು ಅಂತಲೇ ಗೊಂದಲ. ಆಳ 15-16 ಸೆಂ.ಮೀ.ನಿಂದ ಶುರು ಮಾಡಿ. ಹೊಟ್ಟೆ ಕಡೆಯಿಂದ ನೋಡುವಾಗ 20ರ ಹತ್ತಿರ ಬೇಕಾಗಬಹುದು. ಪ್ರತಿ ನೋಟಕ್ಕೂ ಒಂದು ಕ್ಲಿಪ್ ಉಳಿಸಿ. ಟ್ಯೂಬ್ ಹಾಕಿದ ಮೇಲೆ ಹೋಲಿಸಲು ಅದು ಬೇಕು.

ಒಂದು ಕಾನೂನಿನ ಮಾತು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿ-ಪಿಎನ್‌ಡಿಟಿ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಅಲ್ಟ್ರಾಸೌಂಡ್ ಯಂತ್ರ ಬಳಸುವಂತಿಲ್ಲ. ಅಂಗೈಯಲ್ಲಿ ಹಿಡಿಯುವ ಪುಟ್ಟ ಯಂತ್ರಕ್ಕೂ ಇದೇ ನಿಯಮ. ನೀವು ನೋಡುವುದು ಹೃದಯವೇ ಆಗಿದ್ದರೂ ಸರಿ, ಸ್ವಂತ ಯಂತ್ರವನ್ನು ಬ್ಯಾಗಿನಲ್ಲಿಟ್ಟು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಾಡಬೇಡಿ. ಐಸಿಯು ಯಂತ್ರದ ಕಾಗದಪತ್ರ ಸರಿ ಇದೆಯಾ ಅಂತ ಆಡಳಿತದವರನ್ನು ಒಮ್ಮೆ ಕೇಳಿಟ್ಟುಕೊಳ್ಳಿ.

ಹೆಜ್ಜೆ 3: ಎಲ್ಲಿ ಇಟ್ಟು ನೋಡುವುದು

ಎದೆಮೂಳೆಯ ಎಡ ಅಂಚು, ಮೂರನೇ ಅಥವಾ ನಾಲ್ಕನೇ ಪಕ್ಕೆಲುಬಿನ ಸಂದು. ಪ್ರೋಬ್ ಗುರುತು ರೋಗಿಯ ಬಲ ಭುಜದ ಕಡೆ. ಇದು ಉದ್ದ ನೋಟ. ಎಲ್‌ವಿ, ಮೈಟ್ರಲ್ ಮತ್ತು ಅಯೋರ್ಟಿಕ್ ಕವಾಟ, ಹಿಂದೆ ನೀರು ಇದೆಯಾ ಅನ್ನುವುದು ಎಲ್ಲ ಒಟ್ಟಿಗೆ ಸಿಗುತ್ತದೆ. ಅಲ್ಲೇ ಪ್ರೋಬನ್ನು ಪ್ರದಕ್ಷಿಣೆ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿಸಿ, ಗುರುತು ಎಡ ಭುಜದ ಕಡೆಗೆ. ಇದು ಅಡ್ಡ ನೋಟ. ಎಲ್‌ವಿ ದುಂಡಗೆ ಕಾಣಬೇಕು. ಆಮೇಲೆ ಹೃದಯದ ತುದಿಗೆ ಹೋಗಿ ನಾಲ್ಕು ಕೋಣೆಯ ನೋಟ. ಕೊನೆಗೆ ಎದೆಮೂಳೆಯ ಕೆಳಗೆ, ಹೊಟ್ಟೆಯ ಮೇಲೆ ಪ್ರೋಬನ್ನು ಬಹುತೇಕ ಮಲಗಿಸಿ ನೋಡಿ. ಅಲ್ಲಿಂದಲೇ ಗುರುತನ್ನು ತಲೆಯ ಕಡೆ ತಿರುಗಿಸಿದರೆ ಕೆಳ ಮಹಾಸಿರೆ, ಅಂದರೆ ಐವಿಸಿ.

ನಾಲ್ಕೂ ಸಿಗಬೇಕು ಅಂತ ಹಟ ಬೇಡ. ಬೀಡಿ ಸೇದಿ ಶ್ವಾಸಕೋಶ ಉಬ್ಬಿದ ಸಿಒಪಿಡಿ ರೋಗಿಯ ಎದೆಯ ಮೇಲೆ ಪ್ರೋಬ್ ಇಟ್ಟರೆ ಬರೀ ಗಾಳಿ ಕಾಣುತ್ತದೆ. ಅಂಥವರಲ್ಲಿ ನೇರವಾಗಿ ಎದೆಮೂಳೆಯ ಕೆಳಗಿನಿಂದಲೇ ಶುರು ಮಾಡಿ, ಸಮಯ ಉಳಿಯುತ್ತದೆ. ಹೊಟ್ಟೆ ಉಬ್ಬರಿಸಿದವರಿಗೆ, ಹೊಟ್ಟೆ ಆಪರೇಷನ್ ಆದವರಿಗೆ ಇದರ ಉಲ್ಟಾ. ಒಂದು ಒಳ್ಳೆಯ ನೋಟ ಸಿಕ್ಕರೂ ಕೆಲಸ ಆಗುತ್ತದೆ. ಯಾವುದೂ ಸಿಗದಿದ್ದರೆ ಒಂದು ನಿಮಿಷವಾದ ಮೇಲೆ ಪ್ರಯತ್ನ ಬಿಟ್ಟುಬಿಡಿ. ಹೃದಯ ಕೆಟ್ಟಿದೆ ಅಂತಲೇ ಅಂದುಕೊಂಡು ತಯಾರಿ ಮಾಡಿಕೊಳ್ಳಿ.

ಹೆಜ್ಜೆ 4: ಮೊದಲು ಆರ್‌ವಿ

ಎಲ್ಲರೂ ಎಲ್‌ವಿಯಿಂದ ಶುರು ಮಾಡುತ್ತಾರೆ. ಟ್ಯೂಬ್ ಹಾಕುವ ಮುಂಚಿನ ಎಕೋದಲ್ಲಿ ನಾನು ಆರ್‌ವಿಯನ್ನೇ ಮೊದಲು ನೋಡಿ ಅನ್ನುತ್ತೇನೆ. ಕಾರಣ ಸರಳ. ದುರ್ಬಲ ಎಲ್‌ವಿಗೆ ವೆಂಟಿಲೇಟರ್ ಒತ್ತಡ ಒಂದು ರೀತಿಯಲ್ಲಿ ಸಹಾಯವನ್ನೇ ಮಾಡುತ್ತದೆ, ಅದರ ಹೊರೆ ಇಳಿಸುತ್ತದೆ. ಆರ್‌ವಿಗೆ ಮಾತ್ರ ಅದೇ ಒತ್ತಡ ಶತ್ರು.

ನಾಲ್ಕು ಕೋಣೆಯ ನೋಟದಲ್ಲಿ ಆರ್‌ವಿ ಸಾಮಾನ್ಯವಾಗಿ ಎಲ್‌ವಿಯ ಮೂರನೇ ಎರಡು ಭಾಗಕ್ಕಿಂತ ಚಿಕ್ಕದಿರಬೇಕು. ಎರಡೂ ಸಮ ಅಥವಾ ಆರ್‌ವಿಯೇ ದೊಡ್ಡದು ಅಂದರೆ ಅಪಾಯ. ಅಡ್ಡ ನೋಟದಲ್ಲಿ ನಡುಗೋಡೆ ಚಪ್ಪಟೆಯಾಗಿ ಎಲ್‌ವಿ ಇಂಗ್ಲಿಷಿನ 'ಡಿ' ಅಕ್ಷರದ ಹಾಗೆ ಕಂಡರೆ ಬಲಗಡೆ ಒತ್ತಡ ಜಾಸ್ತಿ ಇದೆ ಅಂತ. ಸಮಯ ಇದ್ದರೆ ಎಂ-ಮೋಡ್ ಹಾಕಿ ಟ್ರೈಕಸ್ಪಿಡ್ ಕವಾಟದ ಬುಡ ಎಷ್ಟು ಮೇಲೆ ಕೆಳಗೆ ಆಡುತ್ತದೆ ಅಳೆಯಿರಿ. ಟ್ಯಾಪ್ಸಿ ಅನ್ನುವುದು ಇದನ್ನೇ. 17 ಮಿ.ಮೀ.ಗಿಂತ ಕಡಿಮೆ ಅಂದರೆ ಸಂಕುಚನ ದುರ್ಬಲ.

ದೊಡ್ಡ ಆರ್‌ವಿ ಕಂಡರೆ ಕಾರಣ ಯೋಚಿಸಿ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪಾ, ಎಆರ್‌ಡಿಎಸ್ ಅನ್ನುವ ತೀವ್ರ ಶ್ವಾಸಕೋಶ ವೈಫಲ್ಯವಾ, ಕೆಳಗೋಡೆಯ ಹೃದಯಾಘಾತದ ಜೊತೆ ಆರ್‌ವಿಗೂ ಪೆಟ್ಟಾಗಿದೆಯಾ, ಅಥವಾ ವರ್ಷಗಳಿಂದ ಇರುವ ಸಿಒಪಿಡಿಯಾ? ಆರ್‌ವಿ ಗೋಡೆ 5 ಮಿ.ಮೀ.ಗಿಂತ ದಪ್ಪವಿದ್ದರೆ ಹಳೆಯದಿರಬಹುದು. ಹಳೆಯ ಆರ್‌ವಿ ಒತ್ತಡಕ್ಕೆ ಸ್ವಲ್ಪ ಒಗ್ಗಿರುತ್ತದೆ. ಹೊಸದಾಗಿ ಹಿಗ್ಗಿದ ತೆಳು ಆರ್‌ವಿಗೆ ಆ ಅವಕಾಶವಿಲ್ಲ. ಬಿಪಿ ಬಿದ್ದರೆ ಆರ್‌ವಿಯ ಸ್ವಂತ ರಕ್ತಪೂರೈಕೆಯೂ ಇಳಿಯುತ್ತದೆ, ಅದರಿಂದ ಸಂಕುಚನ ಇನ್ನಷ್ಟು ಸೋಲುತ್ತದೆ, ಬಿಪಿ ಇನ್ನಷ್ಟು ಬೀಳುತ್ತದೆ. ಈ ಸುಳಿಗೆ ಸಿಕ್ಕಿದವರನ್ನು ಹೊರಗೆಳೆಯುವುದು ಬಹಳ ಕಷ್ಟ.

ಈಗ ಏನು ಮಾಡಬೇಕು? ಮೊದಲ ಪ್ರಶ್ನೆ, ಟ್ಯೂಬ್ ನಿಜವಾಗಿಯೂ ಬೇಕಾ? ಹೈಫ್ಲೋ ಆಮ್ಲಜನಕದಲ್ಲಿ ಇನ್ನೂ ಸ್ವಲ್ಪ ಹೊತ್ತು ತಳ್ಳಬಹುದಾ? ಹೆಪ್ಪು ಅನ್ನುವ ಬಲವಾದ ಅನುಮಾನ ಇದ್ದರೆ ಹೆಪ್ಪು ಕರಗಿಸುವ ಔಷಧಿಯ ತೀರ್ಮಾನ ಟ್ಯೂಬಿಗಿಂತ ಮೊದಲು ಆಗಲಿ. ಟ್ಯೂಬ್ ಹಾಕಲೇಬೇಕಾದರೆ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಅರಿವಳಿಕೆ ಕೊಡುವ ಮೊದಲೇ ಓಡುತ್ತಿರಬೇಕು, ಬಿಪಿ ಬಿದ್ದ ಮೇಲೆ ಹುಡುಕುವುದಲ್ಲ. ಸೆಂಟ್ರಲ್ ಲೈನ್ ಇಲ್ಲದಿದ್ದರೆ ಮೊಣಕೈ ಹತ್ತಿರ ಒಳ್ಳೆಯ ಹಸಿರು ಕ್ಯಾನುಲಾದಲ್ಲಿ ತಾತ್ಕಾಲಿಕವಾಗಿ ಓಡಿಸಬಹುದು. ಬಿಪಿ ಕಫ್ ಇನ್ನೊಂದು ಕೈಗೆ ಕಟ್ಟಿ. ಅದೇ ಕೈಗೆ ಕಟ್ಟಿದರೆ ಕಫ್ ಉಬ್ಬಿದಾಗಲೆಲ್ಲ ಔಷಧಿ ನಿಲ್ಲುತ್ತದೆ. ಸಲೈನ್ ಬಾಟಲಿ ಸುರಿಯಬೇಡಿ. ತುಂಬಿ ಹಿಗ್ಗಿದ ಆರ್‌ವಿಗೆ ಇನ್ನಷ್ಟು ನೀರು ಹಾಕಿದರೆ ಅದು ಎಲ್‌ವಿಯನ್ನೇ ಒತ್ತುತ್ತದೆ.

ಔಷಧಿ ಕೊಟ್ಟ ಮೇಲೆ ಸುಮ್ಮನೆ ನಿಂತು ಕಾಯಬೇಡಿ. ಮೆಲ್ಲಗೆ ಬ್ಯಾಗ್ ಒತ್ತುತ್ತಿರಿ. 2019ರ ಪ್ರಿವೆಂಟ್ ಟ್ರಯಲ್‌ನಲ್ಲಿ ಹೀಗೆ ಬ್ಯಾಗ್ ಒತ್ತಿದವರಲ್ಲಿ ತೀವ್ರ ಆಮ್ಲಜನಕ ಕೊರತೆ ಶೇ 10.9, ಒತ್ತದವರಲ್ಲಿ ಶೇ 22.8. ಆರ್‌ವಿ ಸೋತವರಿಗಂತೂ ಇದು ಬೇಕೇ ಬೇಕು. ಟ್ಯೂಬ್ ಹಾಕುವವರು ಅಲ್ಲಿರುವವರಲ್ಲಿ ಅತಿ ಹೆಚ್ಚು ಅನುಭವ ಇರುವವರಾಗಿರಲಿ, ಕಲಿಸುವ ಹೊತ್ತು ಇದಲ್ಲ. ವೆಂಟಿಲೇಟರ್‌ನಲ್ಲಿ ಪೀಪ್ (ಉಸಿರು ಬಿಟ್ಟ ಮೇಲೂ ಉಳಿಸುವ ಒತ್ತಡ) 5ರಿಂದ ಶುರು. ಟೈಡಲ್ ವಾಲ್ಯೂಮ್, ಅಂದರೆ ಒಂದು ಉಸಿರಿನ ಗಾಳಿ, ಎತ್ತರಕ್ಕೆ ತಕ್ಕ ತೂಕದ ಕೆಜಿಗೆ 6 ಎಂಎಲ್ ಆಸುಪಾಸು. ಇಂಗಾಲದ ಡೈಆಕ್ಸೈಡ್ ಏರದಂತೆ ರೇಟ್ ಇಡಿ.

ಹೆಜ್ಜೆ 5: ಎಲ್‌ವಿ ಹೇಗಿದೆ?

ಇಜೆಕ್ಷನ್ ಫ್ರಾಕ್ಷನ್ ಶೇಕಡಾ ಎಷ್ಟು ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಕಣ್ಣಳತೆ ಸಾಕು. ಗೋಡೆ ದಪ್ಪವಾಗುತ್ತಾ ಒಳಗೆ ಬರುತ್ತಿದೆಯಾ? ಉದ್ದ ನೋಟದಲ್ಲಿ ಮೈಟ್ರಲ್ ಕವಾಟದ ಮುಂದಿನ ಎಸಳು ತೆರೆದಾಗ ನಡುಗೋಡೆಯ ಹತ್ತಿರ ಹೋಗುತ್ತಿದೆಯಾ? ಆ ಅಂತರ 7 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಎಲ್‌ವಿ ದುರ್ಬಲ ಅನ್ನುವ ಅನುಮಾನ ಸರಿ.

ಎಲ್‌ವಿ ದುರ್ಬಲವಾದಾಗ ಒಂದು ಸಂಗತಿ ಮರೆಯಬಾರದು. ರಕ್ತ ನಿಧಾನ ಹರಿಯುತ್ತದೆ, ಹಾಗಾಗಿ ಕೈಯಲ್ಲಿ ಕೊಟ್ಟ ಔಷಧಿ ಮಿದುಳಿಗೆ ತಲುಪಲು ತಡವಾಗುತ್ತದೆ. "ಇನ್ನೂ ನಿದ್ದೆ ಬರಲಿಲ್ವಲ್ಲ" ಅಂತ ಇನ್ನೊಂದು ಡೋಸ್ ತಳ್ಳಿದರೆ ಒಂದು ನಿಮಿಷದ ನಂತರ ಎರಡೂ ಸೇರಿ ಬಿಪಿಯನ್ನು ಕೆಡವುತ್ತವೆ. ನಿದ್ದೆಯ ಔಷಧಿ ಅರ್ಧಕ್ಕೆ ಇಳಿಸಿ. ಕೆಟಮಿನ್ ಆದರೆ ಕೆಜಿಗೆ 0.5ರಿಂದ 1 ಎಂಜಿ, ಎಟೋಮಿಡೇಟ್ ಆದರೆ ಸುಮಾರು 0.15. ಸ್ನಾಯು ಸಡಿಲಿಸುವ ಔಷಧಿ ಇಳಿಸಬೇಡಿ. ರೊಕ್ಯುರೋನಿಯಂ ಕೆಜಿಗೆ 1.2 ಎಂಜಿ ಪೂರ್ತಿ ಕೊಡಿ. ಶಾಕ್‌ನಲ್ಲಿ, ಅಂದರೆ ರಕ್ತಸಂಚಾರ ಕುಸಿದಾಗ, ಅದು ಕೆಲಸ ಶುರು ಮಾಡುವುದೇ ನಿಧಾನ. ಪ್ರೊಪೊಫಾಲ್, ಮಿಡಜೋಲಮ್ ಸಿರಿಂಜುಗಳನ್ನು ಈ ಹೊತ್ತಿಗೆ ಟ್ರೇಯಿಂದ ಆಚೆ ಇಟ್ಟರೂ ನಷ್ಟವಿಲ್ಲ.

ನಾರ್‌ಅಡ್ರಿನಲಿನ್ ಓಡುತ್ತಿರಲಿ, ಹೃದಯದ ಸಂಕುಚನ ಹೆಚ್ಚಿಸುವ ಡೊಬ್ಯುಟಮಿನ್ ತಯಾರಿರಲಿ. ಅಂದಹಾಗೆ, ಉತ್ತರ ಕರ್ನಾಟಕದ ಕಡೆಯವರಿಗೆ ಚೇಳು ಕಡಿದ ಮಕ್ಕಳು ಗೊತ್ತೇ ಇರುತ್ತಾರೆ. ಕೆಂಪು ಚೇಳಿನ ವಿಷಕ್ಕೆ ಹೃದಯದ ಸ್ನಾಯು ಸೋತು ಶ್ವಾಸಕೋಶದಲ್ಲಿ ನೀರು ತುಂಬಿರುತ್ತದೆ. ಅಲ್ಲೂ ಮೊದಲು ಎಲ್‌ವಿ ನೋಡಿಯೇ ಮುಂದುವರಿಯಬೇಕು. ಡೋಸ್‌ಗೆ ಮಾತ್ರ ಮಕ್ಕಳ ತಜ್ಞರನ್ನು ಕರೆಯಿರಿ.

ಇನ್ನು ಇದರ ತದ್ವಿರುದ್ಧ ಚಿತ್ರ. ಎಲ್‌ವಿ ಪುಟ್ಟದು, ಜೋರಾಗಿ ಬಡಿಯುತ್ತಿದೆ, ಸಂಕುಚಿಸಿದಾಗ ಗೋಡೆಗಳು ಒಂದನ್ನೊಂದು ಮುಟ್ಟುತ್ತಿವೆ. ನೋಡಿದವರು "ಹೃದಯ ಚೆನ್ನಾಗಿದೆ" ಅಂದುಬಿಡುತ್ತಾರೆ. ಚೆನ್ನಾಗಿಲ್ಲ, ಖಾಲಿ ಇದೆ! ರಕ್ತಸ್ರಾವ, ವಾಂತಿಭೇದಿ, ಡೆಂಗ್ಯೂನಲ್ಲಿ ಪ್ಲಾಸ್ಮಾ ಸೋರಿಕೆ, ಸೆಪ್ಸಿಸ್ ಎಲ್ಲದರಲ್ಲೂ ಹೀಗೆ ಕಾಣಬಹುದು. ಇವರಿಗೆ ಔಷಧಿಗೆ ಮೊದಲೇ ದ್ರವ ಕೊಡಬೇಕು, ರಕ್ತ ಹೋಗಿದ್ದರೆ ರಕ್ತವನ್ನೇ. ಎಲ್ಲರಿಗೂ ಕಣ್ಣುಮುಚ್ಚಿ 500 ಎಂಎಲ್ ಹಾಕುವುದರಿಂದ ಲಾಭವಿಲ್ಲ ಅಂತ 2022ರ ಪ್ರಿಪೇರ್-2 ಟ್ರಯಲ್ ತೋರಿಸಿತು. ಕೊಟ್ಟವರಲ್ಲಿ ಶೇ 21.0, ಕೊಡದವರಲ್ಲಿ ಶೇ 18.2 ಮಂದಿಗೆ ರಕ್ತಸಂಚಾರ ಕುಸಿದಿತ್ತು. ನನ್ನ ಪ್ರಕಾರ ಎಕೋದ ಉಪಯೋಗ ಇಲ್ಲೇ ಇರುವುದು. ಯಾರಿಗೆ ದ್ರವ ಬೇಕು, ಯಾರಿಗೆ ಬೇಡ ಅಂತ ಬೇರ್ಪಡಿಸಬಹುದು. ಸೆಪ್ಸಿಸ್‌ನಲ್ಲಿ ದ್ರವ ಆಗಲೇ ಕೊಟ್ಟಿದ್ದು, ಎಲ್‌ವಿ ಇನ್ನೂ ಹೀಗೇ ಕುಣಿಯುತ್ತಿದ್ದರೆ ರಕ್ತನಾಳಗಳು ಸಡಿಲಗೊಂಡಿವೆ ಅಂತ. ಬೇಕಾದ್ದು ನಾರ್‌ಅಡ್ರಿನಲಿನ್.

ಖಾಲಿ ಎಲ್‌ವಿ ಕಂಡಾಗ ಇನ್ನೊಂದು ಕಡೆ ಕಣ್ಣು ಹಾಯಿಸಿ. ವಯಸ್ಸಾದ, ಬಹಳ ವರ್ಷ ಬಿಪಿ ಇದ್ದವರಲ್ಲಿ ನಡುಗೋಡೆ ದಪ್ಪ ಇರುತ್ತದೆ. ಸಂಕುಚನದ ಹೊತ್ತಿನಲ್ಲಿ ಮೈಟ್ರಲ್ ಎಸಳು ನಡುಗೋಡೆಯ ಕಡೆಗೆ ಎಳೆದುಕೊಂಡು ರಕ್ತ ಹೊರಹೋಗುವ ದಾರಿಗೆ ಅಡ್ಡ ಬರುತ್ತಿದೆಯಾ? ಕಲರ್ ಡಾಪ್ಲರ್‌ನಲ್ಲಿ ಅಲ್ಲಿ ಬಣ್ಣ ಕಲಸಿದಂತೆ ಇದೆಯಾ? ಹಾಗಿದ್ದರೆ ಬಿಪಿ ಬಿದ್ದಾಗ ನಾವು ಅಭ್ಯಾಸಬಲದಿಂದ ಕೊಡುವ ಅಡ್ರಿನಲಿನ್, ಡೊಬ್ಯುಟಮಿನ್, ಮೆಫೆಂಟರ್ಮಿನ್ ಎಲ್ಲ ಅಡ್ಡಿಯನ್ನು ಹೆಚ್ಚಿಸುತ್ತವೆ. ಕೊಟ್ಟಷ್ಟೂ ಬಿಪಿ ಇಳಿಯುತ್ತದೆ. ಇವರಿಗೆ ಬೇಕಾದ್ದು ದ್ರವ, ಫಿನೈಲೆಫ್ರಿನ್ ಅಥವಾ ವ್ಯಾಸೋಪ್ರೆಸಿನ್, ನಿಧಾನವಾದ ಬಡಿತ. ಎಕೋ ನೋಡದೆ ಈ ಸ್ಥಿತಿ ಹಿಡಿಯುವುದು ಹೆಚ್ಚುಕಡಿಮೆ ಅಸಾಧ್ಯ.

ಮೆಫೆಂಟರ್ಮಿನ್ ವಿಷಯ ಬಂತಲ್ಲ, ಅದರ ಬಗ್ಗೆ ಒಂದು ಮಾತು. ನಮ್ಮ ಥಿಯೇಟರ್‌ಗಳಲ್ಲಿ ಅದು ಬಹಳ ಬಳಕೆಯಲ್ಲಿದೆ. ಅದು ಕೆಲಸ ಮಾಡುವುದು ಮುಖ್ಯವಾಗಿ ನರದ ತುದಿಯಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಬಿಡಿಸಿ. ಎರಡು ದಿನದಿಂದ ಶಾಕ್‌ನಲ್ಲಿ ದಣಿದ ರೋಗಿಯಲ್ಲಿ ಆ ದಾಸ್ತಾನೇ ಖಾಲಿ ಆಗಿರಬಹುದು. ಐಸಿಯುನಲ್ಲಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಹೆಜ್ಜೆ 6: ಸುತ್ತ ನೀರು ಇದೆಯಾ? ಕವಾಟ ಹೇಗಿದೆ?

ಹೃದಯದ ಸುತ್ತ ಕಪ್ಪು ಪಟ್ಟಿ ಕಂಡರೆ ಅದು ಎಲ್ಲಿದೆ ನೋಡಿ. ಉದ್ದ ನೋಟದಲ್ಲಿ ಇಳಿಯುವ ಮಹಾಪಧಮನಿಯ ಮುಂದೆ ಹಾದುಹೋದರೆ ಹೃದಯದ ಚೀಲದ ನೀರು. ಅದರ ಹಿಂದೆ ಇದ್ದರೆ ಎಡ ಶ್ವಾಸಕೋಶದ ಸುತ್ತಲಿನ ನೀರು. ಹೃದಯದ ಮುಂಭಾಗದಲ್ಲಿ ಮಾತ್ರ ತೆಳು ಪಟ್ಟಿ ಇದ್ದರೆ ಬರೀ ಕೊಬ್ಬಿರಬಹುದು. ನೀರಿನ ಜೊತೆ ಆರ್‌ವಿ ಹಿಗ್ಗಬೇಕಾದ ಹೊತ್ತಿಗೆ ಒಳಗೆ ಕುಸಿಯುತ್ತಿದ್ದರೆ, ಐವಿಸಿ ತುಂಬಿ ಅಲುಗಾಡದೆ ನಿಂತಿದ್ದರೆ ಅದು ಟ್ಯಾಂಪೊನೇಡ್, ಅಂದರೆ ನೀರು ಹೃದಯವನ್ನು ಒತ್ತಿ ಹಿಡಿದಿದೆ. ನಮ್ಮಲ್ಲಿ ಇದರ ಹಿಂದೆ ಕ್ಷಯ ಇರುವುದು ಸಾಮಾನ್ಯ. ಇಲ್ಲಿ ಟ್ಯೂಬಿಗೆ ಮೊದಲು ನೀರು ತೆಗೆಯುವುದೇ ಸರಿಯಾದ ಕ್ರಮ. ರೋಗಿ ತಾವಾಗಿ ಉಸಿರಾಡುತ್ತಿರುವಾಗಲೇ, ಆ ಜಾಗವನ್ನಷ್ಟೇ ಮರಗಟ್ಟಿಸಿ, ಎಕೋ ನೋಡುತ್ತಾ ಸೂಜಿ ಹಾಕಬೇಕು. ತೆಗೆಯಲು ಆಗುವುದೇ ಇಲ್ಲ ಅಂದರೆ ಕೆಟಮಿನ್, ಸ್ವಲ್ಪ ದ್ರವ, ಪೀಪ್ ಆದಷ್ಟು ಕಡಿಮೆ. ಹೃದಯದ ಆಪರೇಷನ್ ಆದವರಲ್ಲಿ ಹಿಂದೆ ಅಡಗಿದ ಹೆಪ್ಪು ಎದೆಯ ಮೇಲಿನ ಎಕೋಗೆ ಕಾಣದೆ ಹೋಗಬಹುದು. ಕಂಡಿಲ್ಲ ಅಂತ ನಿಶ್ಚಿಂತರಾಗಬೇಡಿ.

ಕವಾಟಗಳಲ್ಲಿ ನಾನು ಹೆಚ್ಚು ಒತ್ತಿ ಹೇಳುವುದು ಮೈಟ್ರಲ್ ಸ್ಟೆನೋಸಿಸ್, ಅಂದರೆ ಮೈಟ್ರಲ್ ಕವಾಟ ಕಿರಿದಾಗುವುದರ ಬಗ್ಗೆ. ಪಾಶ್ಚಾತ್ಯ ಪುಸ್ತಕಗಳಲ್ಲಿ ಇದಕ್ಕೆ ಎರಡು ಸಾಲು. ರುಮ್ಯಾಟಿಕ್ ಜ್ವರದ ಹಳೆಯ ಪೆಟ್ಟು ಹೊತ್ತ ಯುವತಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಗರ್ಭಿಣಿಯಾದಾಗ ರಕ್ತದ ಪ್ರಮಾಣ ಏರಿ ಮೊದಲ ಸಲ ಉಸಿರು ಕಟ್ಟುತ್ತದೆ. ಚೀಟಿಯಲ್ಲಿ ನ್ಯುಮೋನಿಯಾ ಅಥವಾ ಆಸ್ತಮಾ ಅಂತ ಬರೆದಿರುತ್ತದೆ. ಉದ್ದ ನೋಟದಲ್ಲಿ ಎಡ ಹೃತ್ಕರ್ಣ ದೊಡ್ಡದಾಗಿದ್ದು, ಮೈಟ್ರಲ್ ಮುಂದಿನ ಎಸಳು ಪೂರ್ತಿ ತೆರೆಯದೆ ಹಾಕಿ ಸ್ಟಿಕ್‌ನಂತೆ ಬಾಗಿದ್ದರೆ ರೋಗ ಅದೇ. ಇವರಿಗೆ ಬಡಿತ ಹೆಚ್ಚಿದರೆ ಎಲ್‌ವಿ ತುಂಬಲು ಸಮಯ ಸಿಗುವುದಿಲ್ಲ, ರಕ್ತ ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹಾಗಾಗಿ ಬಡಿತ ಏರಿಸುವ ಕೆಟಮಿನ್ ಬದಲು ಎಟೋಮಿಡೇಟ್ ಜೊತೆ ಸ್ವಲ್ಪ ಫೆಂಟನಿಲ್. ಬಿಪಿಗೆ ಫಿನೈಲೆಫ್ರಿನ್. ದ್ರವ ಬಹಳ ಹಿಡಿತದಲ್ಲಿ.

ಅಯೋರ್ಟಿಕ್ ಕವಾಟ ಬೆಳ್ಳಗೆ ಸುಣ್ಣಗಟ್ಟಿ ತೆರೆಯದೆ ನಿಂತಿದ್ದರೆ ಬಿಪಿ ಒಂದು ಕ್ಷಣವೂ ಬೀಳಬಾರದು. ನಾರ್‌ಅಡ್ರಿನಲಿನ್ ಅಥವಾ ಫಿನೈಲೆಫ್ರಿನ್ ಅರಿವಳಿಕೆ ಕೊಡುವ ಮೊದಲೇ ಶುರುವಾಗಲಿ.

ಐವಿಸಿಗೆ ಹೆಚ್ಚು ಬೆಲೆ ಕೊಡಬೇಡಿ. 2.1 ಸೆಂ.ಮೀ.ಗಿಂತ ಚಿಕ್ಕದಿದ್ದು ಉಸಿರೆಳೆದಾಗ ಅರ್ಧಕ್ಕಿಂತ ಹೆಚ್ಚು ಕುಸಿದರೆ ಬಲ ಹೃತ್ಕರ್ಣದ ಒತ್ತಡ ಕಡಿಮೆ ಅಂತ ಪುಸ್ತಕ ಹೇಳುತ್ತದೆ. ಏದುಸಿರು ಬಿಡುವವರಲ್ಲಿ ತುಂಬಿದ ಐವಿಸಿಯೂ ಕುಸಿಯಬಹುದು, ಬೈಪ್ಯಾಪ್‌ನಲ್ಲಿ ಇರುವವರಲ್ಲಿ ಖಾಲಿಯಾದದ್ದೂ ಹಿಗ್ಗಬಹುದು. ಬೇರೆ ಚಿತ್ರಗಳ ಜೊತೆ ಸಾಕ್ಷಿಯಾಗಿ ಮಾತ್ರ ಬಳಸಿ.

ಪ್ರೋಬ್ ತೆಗೆಯುವ ಮೊದಲು ಎದೆಯ ಎರಡೂ ಬದಿ ಐದೈದು ಸೆಕೆಂಡ್ ಇಟ್ಟು ಶ್ವಾಸಕೋಶ ಜಾರುತ್ತಿದೆಯಾ ನೋಡಿ. ಜಾರದೆ ನಿಂತಿದ್ದು ನ್ಯುಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಸೇರಿದ ಗಾಳಿ) ಇದ್ದರೆ ಬ್ಯಾಗ್ ಒತ್ತಿದ ಮೇಲೆ ಅದು ಟೆನ್ಷನ್ ಆಗಿ ಹೃದಯವನ್ನು ಒತ್ತಬಹುದು. ಇನ್ನೂ ಒಂದು ಉಪಯೋಗ ಇದೆ. ಟ್ಯೂಬ್ ಹಾಕಿದ ಮೇಲೆ ಎಡಗಡೆ ಜಾರುವುದು ನಿಂತಿದ್ದರೆ ಅದು ಮೊದಲಿನಿಂದ ಹಾಗೇ ಇತ್ತಾ, ಅಥವಾ ಟ್ಯೂಬ್ ಬಲಗಡೆ ಆಳಕ್ಕೆ ಇಳಿಯಿತಾ ಅಂತ ಆಗ ಗೊತ್ತಾಗುತ್ತದೆ.

ಹೆಜ್ಜೆ 7: ಕಂಡದ್ದನ್ನು ಬಾಯಿಬಿಟ್ಟು ಹೇಳಿ

ನೀವು ನೋಡಿದ್ದು ನಿಮ್ಮ ತಲೆಯಲ್ಲೇ ಉಳಿದರೆ ಪ್ರಯೋಜನವಿಲ್ಲ. ಔಷಧಿ ಕೊಡುವ ಮೊದಲು ಎಲ್ಲರಿಗೂ ಕೇಳುವಂತೆ ಹೇಳಿ. "ಸಿಸ್ಟರ್, ಬಲಗಡೆ ಹೃದಯ ದೊಡ್ಡದಾಗಿದೆ. ಟ್ಯೂಬ್ ಹಾಕಿದ ಮೇಲೆ ಬಿಪಿ ಬೀಳುತ್ತೆ ಅಂತಲೇ ಅಂದುಕೊಳ್ಳೋಣ. ನಾರ್‌ಅಡ್ರಿನಲಿನ್ ಈಗಲೇ ಶುರು ಮಾಡಿ. ಅಡ್ರಿನಲಿನ್ ಎಂಎಲ್‌ಗೆ 10 ಮೈಕ್ರೋಗ್ರಾಂ ಮಾಡಿ ಲೇಬಲ್ ಹಾಕಿಡಿ. ಬಿಪಿ ಒಂದೊಂದು ನಿಮಿಷಕ್ಕೂ ಬರಲಿ. 90ಕ್ಕಿಂತ ಕೆಳಗೆ ಹೋದರೆ ನಾನು ಕೇಳೋವರೆಗೂ ಕಾಯಬೇಡಿ, ನೀವೇ ಜೋರಾಗಿ ಹೇಳಿ." ಅರ್ಧ ನಿಮಿಷದ ಮಾತು ಇದು. ಲೇಬಲ್ ಇಲ್ಲದ ಸಿರಿಂಜ್ ಮಾತ್ರ ಟ್ರೇಯಲ್ಲಿ ಇರಕೂಡದು.

ಹೊರಗೆ ಕಾಯುತ್ತಿರುವ ಮನೆಯವರಿಗೂ ಅದೇ ಮಾಹಿತಿ ಬೇಕು. "ಉಸಿರಿನ ನಳಿಕೆ ಹಾಕ್ತೇವೆ, ಸಹಿ ಮಾಡಿ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಅಮ್ಮಾ, ಯಜಮಾನರ ಹೃದಯ ಸ್ಕ್ಯಾನ್ ಮಾಡಿ ನೋಡಿದೆವು. ಬಹಳ ಸೋತಿದೆ. ನಳಿಕೆ ಹಾಕುವಾಗ ಬಿಪಿ ಬೀಳಬಹುದು, ಹೃದಯ ನಿಲ್ಲುವ ಅಪಾಯವೂ ಇದೆ. ಅದಕ್ಕೆ ಬೇಕಾದ ಔಷಧಿ ಮೊದಲೇ ಶುರು ಮಾಡಿದ್ದೇವೆ. ಹಾಕದಿದ್ದರೆ ಉಸಿರು ಸಾಲದು" ಅಂದರೆ ಪರಿಸ್ಥಿತಿ ಅರ್ಥವಾಗುತ್ತದೆ. ಆಮೇಲೆ ಆಗುವ ಎಷ್ಟೋ ಜಗಳ ಈ ಮಾತು ಮೊದಲೇ ಆಡದ್ದರಿಂದ ಹುಟ್ಟಿದ್ದು.

ಎಕೋ ಚೆನ್ನಾಗಿದೆ ಅಂದ ಮಾತ್ರಕ್ಕೆ ಎಲ್ಲ ಸುರಕ್ಷಿತ ಅಂತಲ್ಲ. ಸಕ್ಕರೆ ಕಾಯಿಲೆಯ ಕೀಟೋಆಸಿಡೋಸಿಸ್ ರೋಗಿಯ ಹೃದಯ ಚೆಂದವಾಗಿಯೇ ಬಡಿಯುತ್ತಿರುತ್ತದೆ. ಆದರೆ ಅವರು ಜೋರಾಗಿ ಉಸಿರಾಡಿ ಆಮ್ಲವನ್ನು ಹಿಡಿತದಲ್ಲಿ ಇಟ್ಟಿರುತ್ತಾರೆ. ಉಸಿರು ನಿಲ್ಲಿಸಿ, ಆಮೇಲೆ ವೆಂಟಿಲೇಟರ್ ರೇಟ್ 14 ಇಟ್ಟರೆ ಅರೆಸ್ಟ್ ಆಗಬಹುದು, ಅಂದರೆ ಹೃದಯ ನಿಲ್ಲಬಹುದು. ಹಾಗೆಯೇ ಆಗಲೇ ಅಡ್ರಿನಲಿನ್ ಓಡುತ್ತಿರುವವರ ಎಲ್‌ವಿ ಚುರುಕಾಗಿ ಕಂಡರೆ ಅದು ಔಷಧಿಯ ಆಟ ಅಂತ ನೆನಪಿಡಿ.

ಹೆಜ್ಜೆ 8: ಟ್ಯೂಬ್ ಒಳಗೆ ಹೋದ ಮೇಲೆ

ಟ್ಯೂಬ್ ಸರಿಯಾದ ಜಾಗದಲ್ಲಿದೆ ಅನ್ನಲು ಮೊದಲ ಸಾಕ್ಷಿ, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್ ಅಲೆ. ಇದಕ್ಕೆ ಅಲ್ಟ್ರಾಸೌಂಡ್ ಪರ್ಯಾಯವಲ್ಲ. ಭಾರತದ ಅರಿವಳಿಕೆ ತಜ್ಞರು 2016ರಲ್ಲಿ ಹೊರತಂದ ಐಸಿಯು ಟ್ಯೂಬ್ ಮಾರ್ಗಸೂಚಿಯಲ್ಲೂ ಇದಕ್ಕೇ ಒತ್ತು.

ಅಲೆ ಬಂತು, ಬಿಪಿ ಬಿತ್ತು ಅಂದುಕೊಳ್ಳಿ. ಸಿಒಪಿಡಿ ಅಥವಾ ಆಸ್ತಮಾ ರೋಗಿಯಾದರೆ ಮೊದಲು ಟ್ಯೂಬಿನಿಂದ ವೆಂಟಿಲೇಟರ್ ಬಿಡಿಸಿ ಕೆಲವು ಸೆಕೆಂಡ್ ಗಾಳಿ ಹೊರಹೋಗಲು ಬಿಡಿ. ಬಿಪಿ ಏರಿತಾ? ಗಾಳಿ ಸಿಕ್ಕಿಹಾಕಿಕೊಂಡದ್ದೇ ಕಾರಣ, ರೇಟ್ ಇಳಿಸಿ. ಏರಲಿಲ್ಲವಾ? ಶ್ವಾಸಕೋಶ ಎರಡೂ ಕಡೆ ಜಾರುತ್ತಿದೆಯಾ ನೋಡಿ, ಆಮೇಲೆ ಹೃದಯ. ಮೊದಲು ಉಳಿಸಿದ ಕ್ಲಿಪ್ ಪಕ್ಕದಲ್ಲಿ ಇಟ್ಟು ಹೋಲಿಸಿ. ಆರ್‌ವಿ ಇನ್ನೂ ಹಿಗ್ಗಿದ್ದರೆ ಪೀಪ್ ಇಳಿಸಿ, ನಾರ್‌ಅಡ್ರಿನಲಿನ್ ಏರಿಸಿ, ಆಮ್ಲಜನಕ ಪೂರ್ತಿ ಇಡಿ. ಎಲ್‌ವಿ ಖಾಲಿ ಆಗಿದ್ದರೆ ದ್ರವ. ಎಲ್‌ವಿ ಸಂಕುಚನ ಸೋತಿದ್ದರೆ ಡೊಬ್ಯುಟಮಿನ್ ಅಥವಾ ಅಡ್ರಿನಲಿನ್. ಎಲ್ಲ ಮೊದಲಿನಂತೆಯೇ ಇದ್ದು ಬಿಪಿ ಮಾತ್ರ ಇಳಿದಿದ್ದರೆ ನಿದ್ದೆಯ ಔಷಧಿಯ ಪರಿಣಾಮ. ಬಿಪಿ ಏರಿಸುವ ಔಷಧಿಯ ಆಸರೆ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಅರೆಸ್ಟ್ ಆದರೆ ಎಕೋಗೋಸ್ಕರ ಎದೆ ಒತ್ತುವುದನ್ನು ನಿಲ್ಲಿಸಬೇಡಿ. ಪ್ರೋಬನ್ನು ಎದೆಮೂಳೆಯ ಕೆಳಗೆ ಮೊದಲೇ ಇಟ್ಟುಕೊಂಡು ಕಾಯಿರಿ. ನಾಡಿ ನೋಡಲು ನಿಲ್ಲಿಸಿದಾಗ ಕ್ಲಿಪ್ ರೆಕಾರ್ಡ್ ಮಾಡಿ. ಪಕ್ಕದವರು ಒಂದರಿಂದ ಹತ್ತು ಜೋರಾಗಿ ಎಣಿಸಲಿ. ಹತ್ತಕ್ಕೆ ಪ್ರೋಬ್ ಆಚೆ, ಕೈ ಎದೆಯ ಮೇಲೆ. ಒತ್ತುವುದು ಶುರುವಾದ ಮೇಲೆ ಕ್ಲಿಪ್ ನೋಡಿ ಟ್ಯಾಂಪೊನೇಡಾ, ಹೆಪ್ಪಾ ತೀರ್ಮಾನ ಮಾಡಿ. ಒಂದು ಎಚ್ಚರಿಕೆ: ಅರೆಸ್ಟ್ ಆಗಿ ಕೆಲವು ನಿಮಿಷವಾದ ಮೇಲೆ ಯಾರ ಆರ್‌ವಿಯೂ ದೊಡ್ಡದಾಗಿ ಕಾಣಬಹುದು. ಆಗ ಹೆಪ್ಪು ಅನ್ನಲು ಆರ್‌ವಿ ಗಾತ್ರ ಒಂದೇ ಸಾಲದು, ಟ್ಯೂಬಿಗೆ ಮುಂಚಿನ ಕ್ಲಿಪ್ ತೆಗೆದು ನೋಡಿ.

ರೋಗಿ ಸ್ಥಿರವಾದ ಮೇಲೆ ಕೇಸ್ ಶೀಟ್‌ನಲ್ಲಿ ಮೂರು ಸಾಲು ಬರೆಯಿರಿ: ಟ್ಯೂಬಿಗೆ ಮೊದಲು ಕಂಡದ್ದು, ಅದರಿಂದ ಬದಲಿಸಿದ ಔಷಧಿ, ಟ್ಯೂಬಿನ ನಂತರ ಕಂಡದ್ದು. ಯಾವ ನೋಟ ಸಿಗಲಿಲ್ಲ ಅನ್ನುವುದನ್ನೂ ಬರೆಯಿರಿ. ಬೆಳಿಗ್ಗೆ ಕಾರ್ಡಿಯಾಲಜಿಯವರು ಪೂರ್ತಿ ಎಕೋ ಮಾಡುವಾಗ ನಿಮ್ಮ ಕ್ಲಿಪ್ ತೋರಿಸಿ, ನೀವು ಅಂದುಕೊಂಡದ್ದು ಸರಿಯಾ ಅಂತ ಕೇಳಿ.